ಪೆಂಗ್ವಿನ್ ಬಂದ ಭಾನುವಾರ

ಮೊನ್ನೆ ಲವಂಗ ಹುಡುಕುತ್ತಿದ್ದೆ. ನಮ್ಮ ಮನೆಯಲ್ಲಿ ಲವಂಗದ ಡಬ್ಬಿಯಲ್ಲಿ ಲವಂಗ ಇರುವುದು ಅಪರೂಪ. ಅದರಲ್ಲಿ ಎರಡು ಶರ್ಟಿನ ಗುಂಡಿ, ಯಾವ ಬೀಗದ್ದೆಂದು ಯಾರಿಗೂ ನೆನಪಿಲ್ಲದ ಒಂದು ಕೀಲಿ, ಹಾಲಿನ ಚೀಟಿಗೆ ಸುತ್ತುವ ರಬ್ಬರು ಎಲ್ಲ ಇದ್ದವು. ಅವುಗಳ ತಳದಲ್ಲಿ ಒಂದು ನೀಲಿ ಪೆನ್‌ಡ್ರೈವ್. ಅದರ ಮೇಲೆ ಮಗಳು ಬಿಳಿ ಬಣ್ಣದಲ್ಲಿ ಒಂದು ಬಾತುಕೋಳಿ ಬರೆದಿದ್ದಾಳೆ. ಬಾತುಕೋಳಿ ಎನ್ನುವುದು ನಾನು, ಪೆಂಗ್ವಿನ್ ಎನ್ನುವುದು ಅವಳು. ಅದನ್ನು ಹಿಡಿದುಕೊಂಡು ನಾನು ಎಷ್ಟು ಹೊತ್ತು ನಿಂತೆನೆಂದರೆ ಒಲೆಯ ಮೇಲಿನ ಅನ್ನ ತಳ ಹಿಡಿಯಿತು. ಆ ಪೆನ್‌ಡ್ರೈವಿನ ಸಂಗತಿಯನ್ನು ನಿಮಗೆ ಹೇಳಿಬಿಡುತ್ತೇನೆ. ಯಾರಿಗಾದರೂ ಹೇಳದಿದ್ದರೆ ನಾಳೆ ಸಾರೂ ಕೆಡುತ್ತದೆ.

ಮೊದಲು ಲ್ಯಾಪ್‌ಟಾಪಿನಿಂದ ಶುರು ಮಾಡಬೇಕು. ಮಗಳು ಗೌರಿ ಕಾಲೇಜು ಸೇರಿದಾಗ ಕೊಂಡದ್ದು ಅದು. ಕೆಲಸ ಸಿಕ್ಕಿ ಸಂಭಾಜಿನಗರಕ್ಕೆ ಹೋಗುವಾಗ ಅವಳು ಹೊಸದೊಂದನ್ನು ಕೊಂಡು ಹಳೆಯದನ್ನು ನನಗೆ ಬಿಟ್ಟಳು. ಬೇರೆ ಮನೆಗಳಲ್ಲಿ ಅಕ್ಕನ ಸಾಮಾನು ತಂಗಿಗೆ ಇಳಿಯುತ್ತದೆ, ನಮ್ಮಲ್ಲಿ ಮಗಳದು ತಾಯಿಗೆ ಇಳಿಯುತ್ತದೆ. ಅವಳ ಹಳೆಯ ಫೋನು, ಹಳೆಯ ಚಪ್ಪಲಿ, ಹಳೆಯ ಲ್ಯಾಪ್‌ಟಾಪು ಮೂರೂ ನನ್ನ ಪಾಲಿಗೆ ಬಂದಿವೆ. ಚಪ್ಪಲಿ ಮಾತ್ರ ತುಸು ಬಿಗಿ. ಲ್ಯಾಪ್‌ಟಾಪಿನಲ್ಲಿ ನಾನು ಬಿಡುವಿದ್ದಾಗ ಹೀಗೆ ನಾಲ್ಕು ಸಾಲು ಬರೆಯುತ್ತೇನೆ, ಅಡುಗೆಯ ವಿಡಿಯೋ ನೋಡುತ್ತೇನೆ, ನೋಡಿದ ಮೇಲೂ ನನ್ನ ಪದ್ಧತಿಯಲ್ಲೇ ಅಡುಗೆ ಮಾಡುತ್ತೇನೆ.

ಹೀಗಿರುವಾಗ ಅದು ದಿನಾ ಬೆಳಿಗ್ಗೆ ತೆರೆಯ ತುಂಬ ಒಂದು ನೋಟೀಸು ತೋರಿಸತೊಡಗಿತು. ನಿಮ್ಮ ಸಿಸ್ಟಮು ಹಳೆಯದಾಯಿತು, ಇನ್ನು ಅದಕ್ಕೆ ಆಸರೆ ಇಲ್ಲ, ಹೊಸದನ್ನು ಹಾಕಿಸಿಕೊಳ್ಳಿ. ಹಾಕಿಸಿಕೊಳ್ಳೋಣವೆಂದು ಒತ್ತಿದರೆ ಇನ್ನೊಂದು ನೋಟೀಸು: ಹೊಸದನ್ನು ಹಾಕಿಸಿಕೊಳ್ಳುವ ಯೋಗ್ಯತೆ ನಿಮ್ಮ ಯಂತ್ರಕ್ಕಿಲ್ಲ. ಐವತ್ತು ದಾಟಿದ ಹೆಂಗಸಿಗೆ ಚಹಾ ಕುಡಿಯುವ ಮೊದಲೇ ಇಂಥದನ್ನು ಓದಿಸಬಾರದು. ಇಡೀ ದಿನ ನನಗೆ ಮೊಣಕಾಲು ನೋಯುತ್ತಿತ್ತು.

ಗೌರಿಗೆ ಫೋನು ಹಚ್ಚಿದೆ. ನಮ್ಮಿಬ್ಬರ ಮಾತುಕತೆ ಹೇಗೆಂದರೆ, ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಅವಳಿಗೆ ಮಾತು ಬಂದಾಗಿನಿಂದ ಹೀಗೇ. ನಾಸಿಕ್‌ನಲ್ಲೇ ಹುಟ್ಟಿ ಬೆಳೆದವಳು. ಓಣಿ, ಶಾಲೆ, ಗೆಳತಿಯರು ಎಲ್ಲ ಮರಾಠಿ. ನಾನಾಡುವುದೆಲ್ಲ ಅವಳಿಗೆ ತಿಳಿಯುತ್ತದೆ, ಬೈದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ, ಆದರೆ ತಿರುಗಿ ಒಂದು ಮಾತು ಕನ್ನಡದಲ್ಲಿ ಬರುವುದಿಲ್ಲ. ನನ್ನನ್ನು ಕರೆಯುವುದೂ ಮರಾಠಿ ಮಕ್ಕಳಂತೆ 'ಆಯಿ' ಎಂದೇ. ಸಣ್ಣವಳಿದ್ದಾಗ 'ಅವ್ವ ಅನ್ನು' ಎಂದು ಗದರಿದ್ದೇನೆ, ಬೆಲ್ಲ ಕೊಟ್ಟಿದ್ದೇನೆ. ಬೆಲ್ಲ ತಿಂದು 'ಆಯಿ, ಇನ್ನೊಂದು' ಎಂದು ಮರಾಠಿಯಲ್ಲಿ ಕೈ ಚಾಚಿದ್ದಾಳೆ. ಆಮೇಲೆ ನಾನು ಬಿಟ್ಟುಬಿಟ್ಟೆ. ಬಿಟ್ಟುಬಿಟ್ಟೆ ಎಂದು ಎಲ್ಲರಿಗೂ ಹೇಳುತ್ತೇನೆ, ಆಸೆಯನ್ನು ಬಿಟ್ಟಿರಲಿಲ್ಲ.

ನನ್ನ ಅವ್ವನ ಮುಂದೆಯೂ ಅವಳದು ಇದೇ ಆಟ. ಅಪ್ಪ ತೀರಿಕೊಂಡ ಮೇಲೆ ಅವ್ವ ಭಾಲ್ಕಿಯಿಂದ ನಮ್ಮಲ್ಲಿಗೆ ಬಂದಳು. ನಾಸಿಕ್‌ನ ಅಂಬಡ್‌ನಲ್ಲಿ, ಕಾರ್ಖಾನೆಗಳ ಬೆನ್ನಿಗೆ ನಮ್ಮ ಬಾಡಿಗೆಯ ಎರಡು ಕೋಣೆ. ಅದರಲ್ಲಿ ನಾವು ಮೂವರು, ಅವ್ವ ನಾಲ್ಕನೆಯವಳು. ಆರು ವರ್ಷ ಇದ್ದರೂ ಅವ್ವ ಮರಾಠಿಯ ಒಂದು ಶಬ್ದ ಕಲಿಯಲಿಲ್ಲ, ಕಲಿಯುವ ಅಗತ್ಯವೂ ಅವಳಿಗೆ ಕಾಣಲಿಲ್ಲ. ಕಾಯಿಪಲ್ಯೆಯ ಗಾಡಿಯವಳ ಜೊತೆ ಕನ್ನಡದಲ್ಲೇ ಚೌಕಾಸಿ ಮಾಡುತ್ತಿದ್ದಳು. "ನಿನ್ನೆ ಇಷ್ಟ ಇರ್ಲಿಲ್ಲಲ್ಲ ತಂಗಿ, ಇವತ್ತೇನ್ ಬಂಗಾರ ಹಚ್ಚಿ ತಂದೀ?" ಎಂದರೆ ಆಕೆ ಮರಾಠಿಯಲ್ಲಿ ಏನೋ ಅನ್ನುವಳು, ಇಬ್ಬರೂ ನಗುವರು, ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಬೀಳುತ್ತಿತ್ತು. ನನಗೆ ಮರಾಠಿ ಚೆನ್ನಾಗಿ ಬರುತ್ತದೆ. ನನಗೆ ಇಂದಿಗೂ ಹೆಚ್ಚಿಗೆ ಕೊತ್ತಂಬರಿ ಬಿದ್ದಿಲ್ಲ.

ಮಧ್ಯಾಹ್ನ ಶಾಲೆಯಿಂದ ಬಂದ ಗೌರಿಯನ್ನು ಅವ್ವ ಮುಂದೆ ಕೂರಿಸಿಕೊಂಡು ಎಣ್ಣೆ ಹಚ್ಚಿ ಜಡೆ ಹಾಕುವಳು. ಅವ್ವ ಕನ್ನಡದಲ್ಲಿ ಒಂದು ಹೇಳಿದರೆ ಹುಡುಗಿ ಮರಾಠಿಯಲ್ಲಿ ಒಂದು ಹೇಳುವಳು. ಒಳಗೆ ರೊಟ್ಟಿ ಬಡಿಯುತ್ತ ನಾನು ಕಿವಿಗೊಟ್ಟಿರುತ್ತಿದ್ದೆ. ಎಂದಾದರೂ ಒಂದು ದಿನ ಇವಳ ಬಾಯಿಂದ ಒಂದು ಕನ್ನಡ ಮಾತು ಬಂದೀತು ಎಂದು ಕಾಯುತ್ತಿದ್ದೆ. ಬರಲಿಲ್ಲ, ಅವ್ವನೂ ಹೋಗಿಬಿಟ್ಟಳು. ಅದಕ್ಕೀಗ ನಾಲ್ಕು ವರ್ಷ.

ಅವ್ವನ ದನಿ ನಮ್ಮಲ್ಲಿ ಉಳಿದದ್ದು ಒಂದೇ ಕಡೆ. ನಮ್ಮ ಮನೆಯವರು ಕಾರ್ಖಾನೆಯಲ್ಲಿ ಫಿಟ್ಟರು, ಮಾತು ಕಡಿಮೆ. ಒಂದು ದಿನ ಅವ್ವ ಪುಂಡಿ ಪಲ್ಯೆ ಮಾಡುವ ಬಗೆ ಹೇಳುತ್ತಿದ್ದಾಗ ಅವರು ಸುಮ್ಮನೆ ಫೋನು ಪಕ್ಕಕ್ಕಿಟ್ಟು ರೆಕಾರ್ಡ್ ಮಾಡಿದ್ದರು. ಹನ್ನೊಂದು ನಿಮಿಷ. ಅದರಲ್ಲಿ ಪುಂಡಿ ಪಲ್ಯೆ ನಾಲ್ಕು ನಿಮಿಷ, ಉಳಿದದ್ದೆಲ್ಲ ಅವ್ವನ ನಾದಿನಿಯ ಮೇಲಿನ ದೂರು. ನಡುವೆ ಕುಕ್ಕರು ಎರಡು ಸಲ ಕೂಗುತ್ತದೆ. ಅದನ್ನು ಅವರೇ ಲ್ಯಾಪ್‌ಟಾಪಿಗೆ ಹಾಕಿಟ್ಟಿದ್ದರು. ಆ ಫೋನು ಆಮೇಲೆ ಹೊಸ ಫೋನಿನ ಬದಲಿಗೆ ಅಂಗಡಿಗೆ ಹೋಯಿತು. ನಿಜ ಹೇಳುತ್ತೇನೆ, ಅವ್ವ ಹೋದ ಮೇಲೆ ನಾನದನ್ನು ಕೇಳಿದ್ದು ಎರಡೇ ಸಲ. ಎರಡೂ ಸಲ ಮೊದಲನೆಯ ಕುಕ್ಕರಿನ ಕೂಗಿಗೇ ನಿಲ್ಲಿಸಿದೆ. ಇದೆ ಎನ್ನುವುದೇ ಸಾಕಾಗಿತ್ತು.

ಈಗ ನೋಟೀಸಿಗೆ ಬರುತ್ತೇನೆ. ಗೌರಿ ಸಂಭಾಜಿನಗರದಲ್ಲಿ ಬೀಜ ಪರೀಕ್ಷೆ ಮಾಡುವ ಒಂದು ಪ್ರಯೋಗಾಲಯದಲ್ಲಿದ್ದಾಳೆ. ಸಿಲ್ಲೋಡ್ ಕಡೆಯ ಹತ್ತಿ, ಮೆಕ್ಕೆಜೋಳದ ಬೀಜಗಳು ಅಲ್ಲಿಗೆ ಬರುತ್ತವೆ. ನೂರಕ್ಕೆ ಎಷ್ಟು ಮೊಳೆಯುತ್ತವೆ ಎಂದು ಇವಳು ಎಣಿಸುತ್ತಾಳೆ. ಅಲ್ಲಿಯ ಹಳೆಯ ಕಂಪ್ಯೂಟರುಗಳೆಲ್ಲ ಲಿನಕ್ಸ್ ಎಂಬುದರ ಮೇಲೆ ನಡೆಯುತ್ತವಂತೆ, ಅದರ ಗುರುತು ಒಂದು ಪೆಂಗ್ವಿನ್ ಅಂತೆ. ದುಡ್ಡಿಲ್ಲ, ಕಾಸಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು, ಮುದಿ ಯಂತ್ರವೂ ಎದ್ದು ಓಡುತ್ತದೆ ಎಂದಳು. ಬಿಟ್ಟಿ ಎಂದ ಕೂಡಲೇ ನನಗೆ ಅನುಮಾನ. ಬಿಟ್ಟಿ ಕೊಟ್ಟ ಸೀರೆಗೆ ಎಲ್ಲೋ ಒಂದು ಕಡೆ ತೂತು ಇದ್ದೇ ಇರುತ್ತದೆ. ಆದರೆ ಮಗಳು ದೀಪಾವಳಿಗೆ ಬಂದಾಗ ಈ ನೀಲಿ ಪೆನ್‌ಡ್ರೈವ್‌ನಲ್ಲಿ ಅದನ್ನು ತುಂಬಿ ತಂದಳು. ಹಾಕಲು ಪುರುಸೊತ್ತಾಗಲಿಲ್ಲ. ಫೋನಿನಲ್ಲಿ ಹೇಳಿಕೊಡುತ್ತೇನೆ, ಹಳೆಯದು ಇದ್ದ ಹಾಗೇ ಇರಲಿ, ಪಕ್ಕದಲ್ಲಿ ಹೊಸದನ್ನು ಕೂರಿಸೋಣ ಎಂದು ಹೇಳಿ ಹೋದಳು.

ಒಂದು ಭಾನುವಾರ ಬೆಳಿಗ್ಗೆ ಕೂತೆವು. ನಮ್ಮ ಮನೆಯವರ ಕಾರ್ಖಾನೆಗೆ ರಜೆ ಶನಿವಾರ, ಹೀಗಾಗಿ ಅವರು ಮನೆಯಲ್ಲಿರಲಿಲ್ಲ. ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ವಿಡಿಯೋ ಹಚ್ಚಿಟ್ಟೆ, ಗೌರಿಗೆ ಲ್ಯಾಪ್‌ಟಾಪಿನ ತೆರೆ ಕಾಣುವಂತೆ. ಪೆನ್‌ಡ್ರೈವ್ ಚುಚ್ಚಿ ಅವಳು ಹೇಳಿದ ಗುಂಡಿ ಒತ್ತಿದೆ. ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರಗಳು ಸರಸರ ಹರಿದವು. ಆಮೇಲೆ ಒಂದು ಪಟ್ಟಿ ಬಂತು, ಯಾವ ಭಾಷೆ ಬೇಕು ಎಂದು. ಒಂದೊಂದು ಭಾಷೆಯೂ ತನ್ನ ತನ್ನ ಲಿಪಿಯಲ್ಲಿ. ಕೆಳಗೆ ಸರಿಸುತ್ತ ಹೋದೆ. ಅಲ್ಲಿ, ದುಂಡಗೆ, ಕನ್ನಡ.

ನಾಸಿಕ್‌ನಲ್ಲಿ ಕನ್ನಡ ಅಕ್ಷರ ನನ್ನ ಕಣ್ಣಿಗೆ ಬೀಳುವುದು ಊರಿನಿಂದ ಬಂದ ಮದುವೆ ಪತ್ರಿಕೆಯಲ್ಲಿ, ತರಿಸಿಕೊಂಡ ಕುಂಕುಮದ ಪೊಟ್ಟಣದ ಮೇಲೆ, ಇಲ್ಲವೇ ಅಂಬಡ್‌ಗೆ ಸಾಮಾನು ಇಳಿಸಲು ಬಂದ ಲಾರಿಯ ಬೆನ್ನ ಮೇಲೆ. ಅಂಥ ಲಾರಿ ಕಂಡರೆ ಅದು ತಿರುವಿನಲ್ಲಿ ಮರೆಯಾಗುವವರೆಗೂ ನಿಂತು ಓದುತ್ತೇನೆ. ಬರೆದದ್ದು 'ಹಾರ್ನ್ ಮಾಡಿ' ಎಂದಷ್ಟೇ ಇದ್ದರೂ. ಅಂಥವಳಿಗೆ ಕಂಪ್ಯೂಟರು ತಾನಾಗಿ ಕನ್ನಡ ಬೇಕೇ ಎಂದು ಕೇಳಿದರೆ ಏನಾಗಬೇಡ? ಒತ್ತಿಬಿಟ್ಟೆ. ಇಂಗ್ಲಿಷ್ ತೆಗೆದುಕೋ ಎಂದು ಗೌರಿ ಅಕ್ಕಿ ಡಬ್ಬಿಯ ಹತ್ತಿರದಿಂದ ಕೂಗುತ್ತಿದ್ದಳು. "ಇರ್ಲಿ ಬಿಡ, ನಾ ಓದಿ ಹೇಳ್ತೀನಿ" ಎಂದೆ.

ಇಲ್ಲಿಂದ ನಮ್ಮ ಮನೆಯ ಮಾತುಕತೆಯೇ ಲ್ಯಾಪ್‌ಟಾಪಿನೊಳಗೆ ಹೊಕ್ಕಿತು. ಕಂಪ್ಯೂಟರು ಬಲ್ಲವಳಿಗೆ ಕನ್ನಡ ಓದಲು ಬಾರದು, ಕನ್ನಡ ಓದಬಲ್ಲವಳಿಗೆ ಕಂಪ್ಯೂಟರು ತಿಳಿಯದು. ನಾನು ತೆರೆಯ ಮೇಲಿದ್ದುದನ್ನು ಗಂಟಲು ಸರಿಮಾಡಿಕೊಂಡು ಓದತೊಡಗಿದೆ. ಅನುಸ್ಥಾಪನೆ, ಕಡತಕೋಶ, ಗುಪ್ತಪದ, ಬಳಕೆದಾರ. ಶಾಲೆಯಲ್ಲಿ ಗುರುಗಳು ನನ್ನನ್ನು ಎಬ್ಬಿಸಿ ಪಾಠ ಓದಿಸುತ್ತಿದ್ದರಲ್ಲ, ಅದೇ ಠೀವಿ. ಗೌರಿಗೆ ಬರುವ ಕನ್ನಡ ಜಡೆ ಹಾಕಿಸಿಕೊಳ್ಳುವಾಗಿನ ಕನ್ನಡ. ಈ ಪುಸ್ತಕದ ಕನ್ನಡ ಅವಳ ತಲೆಯ ಮೇಲಿಂದ ಹಾರಿಹೋಗುತ್ತಿತ್ತು. ಆದರೂ 'ಹಾಂ, ಹಾಂ, ಪುಢೇ' ಎನ್ನುತ್ತಿದ್ದಳು, ಮುಂದೆ ಹೋಗು ಎಂದು. ಪ್ರಯೋಗಾಲಯದಲ್ಲಿ ಹತ್ತಾರು ಯಂತ್ರಗಳಿಗೆ ಹಾಕಿದವಳು, ಯಾವ ಪುಟದ ನಂತರ ಯಾವ ಪುಟ ಎಂಬುದು ಅವಳಿಗೆ ಬಾಯಿಪಾಠ.

ಒಂದು ಪುಟದಲ್ಲಿ ಎರಡು ದಾರಿ ತೋರಿಸಿತು. ಮೊದಲನೆಯದು, ಡಿಸ್ಕಿನಲ್ಲಿ ಇರುವುದನ್ನೆಲ್ಲ ಅಳಿಸಿ ಹೊಸದನ್ನು ಹಾಕುವುದು. ಎರಡನೆಯದು, ಬೇರೆ ಏನಾದರೂ ಮಾಡುವುದು. ಅದೇ ಠೀವಿಯಲ್ಲಿ ಓದಿದೆ. "ಪಹಿಲಾಚ್ ದಾಬ್, ಆಯಿ" ಎಂದಳು ಗೌರಿ. ಮೊದಲನೆಯದನ್ನೇ ಒತ್ತು. ಅವಳು ಕಂಡ ಯಂತ್ರಗಳಲ್ಲೆಲ್ಲ ಹಳೆಯದನ್ನು ಉಳಿಸುವ ದಾರಿಯೇ ಮೊದಲು ಬರುತ್ತಿತ್ತಂತೆ. ಇದಕ್ಕೆ ಹಳೆಯದು ಕಣ್ಣಿಗೆ ಬಿದ್ದಿರಲಿಲ್ಲವೋ ಏನೋ, ಆ ದಾರಿಯನ್ನು ಕೊಡಲೇ ಇಲ್ಲ.

ನನ್ನ ಬೆರಳು ಅರೆಗಳಿಗೆ ನಿಂತಿತು. ಇದನ್ನು ನಾನು ನಿಮ್ಮಿಂದ ಮುಚ್ಚಿಡುವುದಿಲ್ಲ. ಎಲ್ಲ ಅಳಿಸಿ ಎಂದು ಬರೆದದ್ದು ನನಗೆ ಸ್ಪಷ್ಟವಾಗಿ ತಿಳಿದಿತ್ತು. ನನ್ನ ಭಾಷೆಯಲ್ಲಿ, ನನ್ನ ಕಣ್ಣೆದುರಿಗೇ ಬರೆದಿತ್ತು. ಆದರೆ ಕಂಪ್ಯೂಟರಿನ ಮಾತು ನನ್ನಂಥವಳಿಗೆ ಇಷ್ಟು ಸುಲಭವಾಗಿ ತಿಳಿಯುವುದು ಸಾಧ್ಯವೇ? ಅಳಿಸುವುದು ಎಂದರೆ ಅವರಲ್ಲಿ ಬೇರೇನೋ ಇರಬೇಕು, ಅವಳಿಗೆ ಗೊತ್ತಿರುತ್ತದೆ ಎಂದುಕೊಂಡೆ. ಒತ್ತಿದೆ. ಮುಂದುವರಿಯಬೇಕೇ ಎಂದು ಅದು ಇನ್ನೊಮ್ಮೆ ಕೇಳಿತು. ಪಾಪ, ಅದರದೇನೂ ತಪ್ಪಿಲ್ಲ, ಎರಡು ಸಲ ಕೇಳಿತು. ಹೌದು ಎಂದೆ.

ಅರ್ಧ ಗಂಟೆಯಲ್ಲಿ ಹೊಸ ತೆರೆ ತೆರೆದುಕೊಂಡಿತು. ಅದರ ಚೆಲುವನ್ನು ಏನು ಹೇಳಲಿ! ಮೊದಲು ಲ್ಯಾಪ್‌ಟಾಪು ಏಳುವಷ್ಟರಲ್ಲಿ ನಾನು ಒಂದು ಪಾತ್ರೆ ಹಾಲು ಕಾಯಿಸಿ ಇಳಿಸುತ್ತಿದ್ದೆ. ಈಗ ಒಲೆ ಹಚ್ಚುವುದರೊಳಗೆ ಎದ್ದು ಕೂತಿರುತ್ತಿತ್ತು. ಎಲ್ಲೆಲ್ಲೂ ಕನ್ನಡ. ಬೇಡದ್ದನ್ನು ಹಾಕುವ ಜಾಗಕ್ಕೆ ಕಸದಬುಟ್ಟಿ ಎಂದು ಬರೆದಿತ್ತು. ನಮ್ಮ ಮನೆಯದೇ ಎನಿಸಿತು. ಒಂದು ಕಪ್ಪು ಕಿಟಕಿಯೂ ಇತ್ತು. ಅದರಲ್ಲಿ ಬರೆದು ಅಪ್ಪಣೆ ಕೊಡಬೇಕು ಎಂದು ಗೌರಿ ಒಂದೆರಡು ಸಾಲು ಹೇಳಿಕೊಟ್ಟಳು. ಬರೆದು ಒತ್ತಿದರೆ ಉತ್ತರವೇ ಇಲ್ಲ. ಆಯಿತೋ ಇಲ್ಲವೋ? ಕೆಲಸ ಸರಿಯಾಗಿ ಆದರೆ ಅದು ಏನೂ ಹೇಳುವುದಿಲ್ಲವಂತೆ. ಕೆಟ್ಟರೆ ಮಾತ್ರ ಬಾಯಿ ಬಿಡುತ್ತದಂತೆ. ಇಂಥವರೊಬ್ಬರ ಜೊತೆ ನಾನು ಇಪ್ಪತ್ತೇಳು ವರ್ಷದಿಂದ ಸಂಸಾರ ಮಾಡುತ್ತಿದ್ದೇನೆ. ಹೀಗಾಗಿ ನನಗೆ ಅದು ಬೇಗ ಒಗ್ಗಿತು. ಎರಡು ದಿನ ಕೂತು ಕನ್ನಡದಲ್ಲಿ ಬರೆದದ್ದೇ ಬರೆದದ್ದು. ಕಟ್ಟಡದ ಕೆಲಸಕ್ಕೆ ಬಂದ ಯಾದಗಿರಿ ಕಡೆಯ ಹೆಂಗಸೊಬ್ಬಳು ನೀರು ಕೇಳಲು ಬಂದರೆ ಅವಳನ್ನೂ ಕರೆದು ತೋರಿಸಿದೆ. "ಚಂದ ಅದ ಬಿಡ್ರಿ ಅಕ್ಕೋರ, ನನಗ ಓದಾಕ ಬರಲ್ಲ" ಎಂದಳು.

ಮೂರನೆಯ ದಿನ ಗಾಡಿಯವಳು ಪುಂಡಿ ಸೊಪ್ಪು ತಂದಳು. ಇಲ್ಲಿ ಅದಕ್ಕೆ ಅಂಬಾಡಿ ಎನ್ನುತ್ತಾರೆ. ಎರಡು ಕಟ್ಟು ಕೊಂಡು ಒಳಗೆ ಬಂದೆ. ಬೇಳೆ ಎಷ್ಟು, ನುಚ್ಚು ಎಷ್ಟು ಎಂದು ಅವ್ವನನ್ನೇ ಕೇಳೋಣ, ಈ ಸಲ ಕುಕ್ಕರು ಕೂಗಿದರೂ ನಿಲ್ಲಿಸುವುದಿಲ್ಲ ಎಂದುಕೊಂಡು ಲ್ಯಾಪ್‌ಟಾಪು ತೆರೆದೆ.

ಆಮೇಲಿನದು ನಿಮಗೆ ತಿಳಿದೇ ಇದೆ. ಒಂದೊಂದೇ ಕಡತಕೋಶ ತೆಗೆದೆ. ನಾನು ಎರಡು ದಿನ ಬರೆದದ್ದನ್ನು ಬಿಟ್ಟರೆ ಎಲ್ಲವೂ ಹೊಸ ಮನೆಯ ಗೋಡೆಯ ಗೂಡುಗಳಂತೆ ಖಾಲಿ. ಸೊಪ್ಪು ಬುಟ್ಟಿಯಲ್ಲೇ ಬಾಡಿತು. ಸಂಜೆ ಬಂದ ನಮ್ಮ ಮನೆಯವರಿಗೆ ಹೇಳಿದೆ. "ಅವ್ವಂದು ಹೋಯ್ತ್ರಿ." ಅವರು ಕೈಕಾಲು ತೊಳೆಯದೆ ಬಂದು ಕೂತು ತಾವೂ ಎಲ್ಲ ಗೂಡು ತೆಗೆದು ನೋಡಿದರು. ಆಮೇಲೆ ಎದ್ದು ಬಾಡಿದ ಸೊಪ್ಪನ್ನು ಬಿಡಿಸುತ್ತ ಕೂತರು. ಬೈದಿದ್ದರೆ ಚೆನ್ನಾಗಿತ್ತು.

ಗೌರಿಗೆ ಹೇಳಿದೆ. ಲ್ಯಾಪ್‌ಟಾಪು ಮುಚ್ಚಿಡು, ಏನೂ ಬರೆಯಬೇಡ, ಹಿಡಿದುಕೊಂಡು ಬಾ ಎಂದಳು. ಅಳಿಸಿದ್ದು ಕೂಡಲೇ ಹೋಗುವುದಿಲ್ಲವಂತೆ, ಅದರ ಮೇಲೆ ಬೇರೆಯದು ಬರೆದಾಗ ಹೋಗುತ್ತದಂತೆ. ನಾನು ಎರಡು ದಿನ ಬರೆದದ್ದೇ ಬರೆದದ್ದು ಎಂದೆನಲ್ಲ. ಯಾವುದರ ಮೇಲೆ ಬರೆದೆನೋ.

ಮುಂದಿನ ಶನಿವಾರ ನಾಸಿಕ್ ರೋಡಿನಿಂದ ರೈಲು ಹತ್ತಿದೆ. ಲ್ಯಾಪ್‌ಟಾಪಿನ ಚೀಲವನ್ನು ಮೇಲಿಡದೆ ತೊಡೆಯ ಮೇಲಿಟ್ಟುಕೊಂಡೆ. ಮನ್ಮಾಡ್‌ನಲ್ಲಿ ಗಾಡಿ ನಿಂತಾಗ ಪಕ್ಕದ ಹೆಂಗಸು ಚೀಲದಲ್ಲಿ ಏನಿದೆ, ಇಷ್ಟು ಗಟ್ಟಿ ಹಿಡಿದಿದ್ದೀರಿ ಎಂದು ಕೇಳಿದಳು. ನಮ್ಮ ತಾಯಿಯದು ಎಂದೆ. ಅವಳು ಸರಿದು ಇನ್ನಷ್ಟು ಜಾಗ ಕೊಟ್ಟಳು.

ಗೌರಿ ತನ್ನ ಬಾಡಿಗೆ ಕೋಣೆಯಲ್ಲಿ ಎಲ್ಲ ಸಿದ್ಧ ಮಾಡಿಟ್ಟಿದ್ದಳು. ಕಪ್ಪು ಕಿಟಕಿಯಲ್ಲಿ ಏನೋ ಬರೆದು ಒತ್ತಿದಳು. ಅದು ಆ ರಾತ್ರಿಯೆಲ್ಲ ತಡಕಾಡಿತು. ಭಾನುವಾರ ಬೆಳಿಗ್ಗೆ ನೋಡಿದರೆ ಸಾವಿರಾರು ಕಡತಗಳು ಸಿಕ್ಕಿದ್ದವು, ಆದರೆ ಒಂದಕ್ಕೂ ಹೆಸರಿಲ್ಲ, ಬರೀ ಅಂಕಿ. ಅದರಲ್ಲಿ ದನಿಯ ಕಡತಗಳನ್ನು ಬೇರೆ ಮಾಡಿದಳು. ಇಯರ್‌ಫೋನಿನ ಒಂದು ಬದಿ ಅವಳ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಒಂದೊಂದನ್ನೇ ತೆರೆದು ಕೇಳುತ್ತ ಹೋದೆವು. ಟಿಣ್ ಎಂಬ ಸದ್ದು. ಯಾವುದೋ ಹಾಡಿನ ಅರ್ಧ. ಅವಳ ಕಾಲೇಜಿನ ಒಂದು ಪಾಠ. ಮತ್ತೆ ಟಿಣ್. ಪ್ರತಿ ಸಲ ಅವಳು ಒತ್ತುವಾಗ ನಾನು ಉಸಿರು ಹಿಡಿಯುತ್ತಿದ್ದೆ. ಒಂದರಲ್ಲಿ ಬರೀ ಗಾಳಿಯ ಸದ್ದು ಕೇಳಿಸಿತು. ಇದೇ ಇರಬೇಕು, ಇನ್ನೇನು ಅವ್ವ ಮಾತಾಡುತ್ತಾಳೆ ಎಂದು ಗೌರಿಯ ಕೈ ಹಿಡಿದೆ. ಎರಡು ನಿಮಿಷ ಗಾಳಿ ಬೀಸಿ ನಿಂತುಹೋಯಿತು. ಮಧ್ಯಾಹ್ನದ ಹೊತ್ತಿಗೆ ಕೊನೆಯ ಅಂಕಿಯೂ ಮುಗಿಯಿತು.

"ಮಾಝೀಚ್ ಚೂಕ್" ಎಂದಳು ಗೌರಿ. ತಪ್ಪು ನನ್ನದೇ. ಅವಳ ಕಣ್ಣು ತುಂಬಿತ್ತು. ಆಮೇಲೆ, ನೀನು ಓದಿದೆಯಲ್ಲ, ನಿನಗೆ ಅರ್ಥವಾಗಿರಲಿಲ್ಲವೇ ಎಂದು ಮರಾಠಿಯಲ್ಲಿ ಕೇಳಿದಳು.

"ತಿಳದಿತ್ತು."

ಹಾಗಾದರೆ ಯಾಕೆ ಒತ್ತಿದೆ?

"ನಿನಗ ನನಕಿಂತ ಹೆಚ್ಚಿಗಿ ಗೊತ್ತದ ಅಂತ ಒತ್ತಿದೆ."

ಅವಳು ತಲೆ ತಗ್ಗಿಸಿದಳು. ನೀನು ಓದಿದ್ದು ನನಗೆ ಒಂದು ಅಕ್ಷರ ತಿಳಿದಿರಲಿಲ್ಲ, ಕೇಳಲು ನಾಚಿಕೆಯಾಯಿತು ಎಂದಳು. ಅಷ್ಟು ವರ್ಷ ನನ್ನ ಮಾತೆಲ್ಲ ಅವಳಿಗೆ ತಿಳಿಯುತ್ತದೆ ಎಂದು ಕುಣಿದವಳು ನಾನು. ನನಗೆ ಅವಳ ಕಂಪ್ಯೂಟರಿನ ಮೇಲೆ ನಂಬಿಕೆ, ಅವಳಿಗೆ ನನ್ನ ಕನ್ನಡದ ಮೇಲೆ ನಂಬಿಕೆ. ಇಬ್ಬರ ನಡುವೆ ಅವ್ವ ಜಾರಿಹೋದಳು. ಸಿಟ್ಟು ಬರಲಿಲ್ಲ. ಒಂದೇ ಒಂದು ಸಲ ಅವ್ವ ಆ ನಾದಿನಿಯನ್ನು ಬೈಯುವುದನ್ನು ಕೇಳಬೇಕು ಎನಿಸಿತು, ಎದೆ ಒಡೆಯುವ ಹಾಗೆ ಎನಿಸಿತು. ಎಲ್ಲ ಕೊಟ್ಟುಬಿಡುತ್ತಿದ್ದೆ.

ಸಂಜೆಯ ಗಾಡಿಗೆ ಅವಳೇ ಸ್ಟೇಷನ್ನಿಗೆ ಬಂದು ಕೂರಿಸಿದಳು. ಮನೆ ತಲುಪಿದ ಮೇಲೆ ಫೋನು ಮಾಡು ಎಂದು ಎರಡು ಸಲ ಹೇಳಿದಳು, ಮರಾಠಿಯಲ್ಲೇ. ದಾರಿಯುದ್ದಕ್ಕೂ ನಾನು ಕಿಟಕಿಗೆ ತಲೆ ಆನಿಸಿಕೊಂಡು ಅವ್ವನ ದನಿಯನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಮಾತುಗಳು ನೆನಪಾದವು. ದನಿ ಬರಲಿಲ್ಲ. ಅವ್ವನ ಮಾತುಗಳೆಲ್ಲ ನನ್ನ ದನಿಯಲ್ಲೇ ಕೇಳಿಸಿದವು.

ಮನೆ ಸೇರಿ ಚೀಲ ಇಳಿಸಿದೆ. ಫೋನು ಮಾಡಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಏನೆಂದು ಮಾತಾಡಲಿ ಎಂದು ಫೋನನ್ನು ಮುಂದಿಟ್ಟುಕೊಂಡು ಕೂತಿದ್ದೆ. ನಮ್ಮ ಮನೆಯವರು ಕೇಳಬೇಕೆಂದಿದ್ದವರು ನನ್ನ ಮುಖ ನೋಡಿ ಒಳಗೆ ಹೋಗಿ ಚಹಾಕ್ಕೆ ಇಟ್ಟರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಆಯಿ, ಪೋಹೋಚಲೀಸ್ ಕಾ?"

ತಲುಪಿದೆಯಾ ಎನ್ನುತ್ತಿದ್ದಳು. ಹೂಂ ಎನ್ನುವ ಬದಲು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೆ. ಅವಳು ಉಸಿರು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ, ಭಾಲ್ಕಿಯ ಹೆಂಗಸರು ಮಾತಿನ ಕೊನೆಯನ್ನು ಹೇಗೆ ಎಳೆಯುತ್ತಾರೋ ಹಾಗೇ ಎಳೆದು, ತುಸು ತಡವರಿಸಿ, ಕೇಳಿದಳು:

"ಮುಟ್ಟಿದಿ ಏನ?"

"ಹೂಂ ಅವ್ವಾ" ಎಂದೆ, "ಮುಟ್ಟೀನಿ."